ಕರ್ನಾಟಕದ ವಿದ್ಯುತ್ ಜಾಲ ಮತ್ತು ಹವಾಮಾನ ನೀತಿ

ವಿದ್ಯುತ್ ಜಾಲವನ್ನು ಇಂಗಾಲಮುಕ್ತಗೊಳಿಸುವುದು ಎಂದರೆ ಪ್ರತಿ ಯೂನಿಟ್ ವಿದ್ಯುತ್ತಿನ ಉತ್ಪಾದನೆಯಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುವುದು. ಸರ್ಕಾರಗಳು ದೊಡ್ಡ ಗುರಿಗಳನ್ನು ಇಟ್ಟುಕೊಂಡಾಗ ಸೌರ ಹಾಗೂ ಪವನ ಸ್ಥಾವರಗಳು ವೇಗವಾಗಿ ಹೆಚ್ಚುತ್ತವೆ. ಆದರೆ ಅಷ್ಟರಿಂದಲೇ ಕಲ್ಲಿದ್ದಲಿನ ಬಳಕೆ ನಿಲ್ಲುವುದಿಲ್ಲ. ಇವೆರಡಕ್ಕೂ ಕರ್ನಾಟಕವು ನಿದರ್ಶನವಾಗಿದೆ.

ಹಿನ್ನೆಲೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಕೆ ಆರಂಭವಾಯಿತು. ಅನಂತರ ಶರಾವತಿ ಯೋಜನೆಗಳು ಬಂದವು. ಹೀಗೆ ರಾಜ್ಯವು ಬಹುಕಾಲ ಜಲವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೊರತೆ ತಲೆದೋರುತ್ತಿತ್ತು. 1985ರಲ್ಲಿ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ಸ್ಥಾವರ ಕಾರ್ಯಾರಂಭ ಮಾಡಿತು. ಮುಂದೆ ಬಳ್ಳಾರಿ ಬಳಿಯ ಕುಡತಿನಿ ಹಾಗೂ ರಾಯಚೂರು ಬಳಿಯ ಯರಮರಸ್‌ನಲ್ಲಿಯೂ ಇಂತಹ ಸ್ಥಾವರಗಳು ತಲೆಯೆತ್ತಿದವು.

ಗುರಿಗಳ ಹೋಲಿಕೆ

2010ರ ರಾಷ್ಟ್ರೀಯ ಸೌರ ಅಭಿಯಾನದ ಮೂಲ ಗುರಿ 2022ರೊಳಗೆ 20,000 ಮೆಗಾವ್ಯಾಟ್. 2015ರಲ್ಲಿ ಅದನ್ನು 1,00,000 ಮೆಗಾವ್ಯಾಟ್‌ಗೆ ಏರಿಸಲಾಯಿತು. ಕರ್ನಾಟಕದ 2014–21ರ ಸೌರ ನೀತಿಯ ಗುರಿಯೂ 2,000ದಿಂದ 6,000 ಮೆಗಾವ್ಯಾಟ್‌ಗೆ ಏರಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ನಿರ್ಮಾಣವಾದುದು ಈ ಅವಧಿಯಲ್ಲಿಯೇ. ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಆರಂಭಿಕ ದರದಲ್ಲಿ ಗುತ್ತಿಗೆಗೆ ಪಡೆಯಲಾಯಿತು. ಭೂಮಾಲೀಕರಿಗೆ ನಿಶ್ಚಿತ ಆದಾಯ ದೊರೆಯಿತು. ಭೂಹೀನ ಕೂಲಿಕಾರರಿಗೆ ಹೊಲದ ಕೆಲಸ ತಪ್ಪಿತು. 2022–27ರ ನೀತಿಯು ಇನ್ನೂ 10,000 ಮೆಗಾವ್ಯಾಟ್ ನವೀಕರಿಸಬಹುದಾದ ಇಂಧನ ಸಾಮರ್ಥ್ಯದ ಗುರಿ ಹೊಂದಿದೆ.

ಈ ಗುರಿಗಳೆಲ್ಲ ಸ್ಥಾಪಿತ ಸಾಮರ್ಥ್ಯವನ್ನು ಕುರಿತವು. ಬ್ರಿಟನ್ 2008ರ ಹವಾಮಾನ ಬದಲಾವಣೆ ಕಾಯ್ದೆಯ ಮೂಲಕ ಹೊರಸೂಸುವಿಕೆಗೇ ಮಿತಿ ಹಾಕಿ, ಇಂಗಾಲಕ್ಕೆ ಬೆಲೆಯನ್ನೂ ವಿಧಿಸಿತು. ಅಲ್ಲಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಆದರೆ ಭಾರತದಲ್ಲಿ ವಿದ್ಯುತ್ ಬೇಡಿಕೆ ಇನ್ನೂ ಏರುತ್ತಿರುವುದರಿಂದ ಈ ಹೋಲಿಕೆಗೆ ಮಿತಿಯಿದೆ.

ಜಾಲದ ಮೇಲಿನ ಪರಿಣಾಮ

ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಹೆಸ್ಕಾಂ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಿಗೆ ವಿದ್ಯುತ್ ವಿತರಿಸುತ್ತದೆ. ನೀರಾವರಿ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿ ಪೂರೈಕೆ ಮಾಡಿದರೆ ಸೌರ ವಿದ್ಯುತ್ ನೇರವಾಗಿ ಬಳಕೆಯಾಗುತ್ತದೆ. ಸೂರ್ಯಾಸ್ತದ ಬಳಿಕ ದೇಶಪಾಂಡೆ ನಗರದಂತಹ ಬಡಾವಣೆಗಳಲ್ಲಿ ಮನೆ, ಅಂಗಡಿಗಳ ಬೇಡಿಕೆ ಏರುವ ವೇಳೆಗೆ ಸೌರ ಉತ್ಪಾದನೆ ನಿಂತಿರುತ್ತದೆ. ಆಗ ಜಲ, ಪವನ, ಪರಮಾಣು ಹಾಗೂ ಕಲ್ಲಿದ್ದಲು ಸ್ಥಾವರಗಳೇ ಆಧಾರ. 2023ರ ಬರಗಾಲದಲ್ಲಿ ಜಲಾಶಯಗಳು ತುಂಬಲಿಲ್ಲ; ಪಂಪ್‌ಸೆಟ್‌ಗಳ ಬಳಕೆ ಹೆಚ್ಚಿ, ಅಕ್ಟೋಬರ್‌ನಲ್ಲಿ ವಿದ್ಯುತ್ ಕೊರತೆ ಉಂಟಾಯಿತು.

ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡಲು 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಯೋಜನಾ ಪ್ರದೇಶವು ಸಿಂಗಳೀಕಗಳ ಅಭಯಾರಣ್ಯದ ವ್ಯಾಪ್ತಿಗೆ ಬರುವುದರಿಂದ ಪರಿಸರವಾದಿಗಳು ಇದನ್ನು ವಿರೋಧಿಸಿದ್ದಾರೆ.