ಕಾಗದದ ಟಿಕೆಟ್ಟಿನಿಂದ ದೇವನಹಳ್ಳಿಯವರೆಗೆ: ವಿಮಾನಯಾನದ ಹೊಣೆ ಮತ್ತು ಸಣ್ಣಕ್ಷರಗಳ ಚರಿತ್ರೆ

ದೇವನಹಳ್ಳಿಯ ವಿಮಾನ ನಿಲ್ದಾಣವು 2008ರ ಮೇ 24ರಂದು ಕಾರ್ಯಾರಂಭ ಮಾಡಿತು. ಅದಾದ ಎಂಟು ದಿನಗಳಿಗೆ, ಜೂನ್ 1ರಂದು, ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘವು (ಐಎಟಿಎ) ತನ್ನ ವ್ಯವಸ್ಥೆಯಲ್ಲಿ ಕಾಗದದ ಟಿಕೆಟ್ಟನ್ನು ಕೊನೆಗೊಳಿಸಿತು. ಹೀಗಾಗಿ, ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದ ಕಾಲದಲ್ಲಿ ಪ್ರಯಾಣಿಕರ ಕೈಯಲ್ಲಿರುತ್ತಿದ್ದ, ಬೆನ್ನಿಗೆ ಕೆಂಪು ಕಾರ್ಬನ್ ಮಸಿ ಬಳಿದ ತೆಳು ಹಾಳೆಗಳ ಟಿಕೆಟ್ ಪುಸ್ತಿಕೆಯೂ ಅದರೊಳಗೆ ಸಣ್ಣಕ್ಷರಗಳಲ್ಲಿ ಅಚ್ಚಾಗಿರುತ್ತಿದ್ದ ಷರತ್ತುಗಳೂ ಹೊಸ ನಿಲ್ದಾಣದಲ್ಲಿ ಬಹುಮಟ್ಟಿಗೆ ಕಾಣದಾದವು. ಆದರೆ ಮರೆಯಾದದ್ದು ಕಾಗದ ಮಾತ್ರ. ಷರತ್ತುಗಳು ಕಂಪನಿಗಳ ವೆಬ್‌ಸೈಟಿಗೆ ಸ್ಥಳಾಂತರಗೊಂಡವು.

ಈ ಷರತ್ತುಗಳಿಗೆ ಒಂದು ಕಾಲದಲ್ಲಿ ಎಷ್ಟು ಬಲವಿತ್ತೆಂಬುದಕ್ಕೆ ನಾಗಪುರದ ಪ್ರಕರಣವೇ ನಿದರ್ಶನ. 1953ರ ಡಿಸೆಂಬರ್ 12ರಂದು ಅಲ್ಲಿಂದ ಮದ್ರಾಸಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ನಿಗಮದ ಡಕೋಟಾ ವಿಮಾನವು ಮೇಲೇರಿದ ಕೂಡಲೇ ಅಪಘಾತಕ್ಕೀಡಾಯಿತು. ಮೃತ ಪ್ರಯಾಣಿಕರ ಕುಟುಂಬದವರು ಪರಿಹಾರ ಕೋರಿದಾಗ, ಸಿಬ್ಬಂದಿಯ ನಿರ್ಲಕ್ಷ್ಯಕ್ಕೂ ನಿಗಮ ಹೊಣೆಯಲ್ಲವೆಂಬ ಟಿಕೆಟ್ಟಿನ ವಿನಾಯಿತಿ ಷರತ್ತನ್ನು, ಎಂದರೆ ಹೊಣೆಯನ್ನೇ ಕಳಚಿಕೊಳ್ಳುವ ಕರಾರನ್ನು, ಕಲ್ಕತ್ತಾ ಹೈಕೋರ್ಟು ಸಿಂಧುವೆಂದು ಎತ್ತಿಹಿಡಿಯಿತು. ವಿದೇಶಯಾನದ ಪ್ರಯಾಣಿಕರಿಗೆ 1929ರ ವಾರ್ಸಾ ಒಪ್ಪಂದ ಮತ್ತು ಅದನ್ನು ಭಾರತದಲ್ಲಿ ಜಾರಿಗೊಳಿಸಿದ 1934ರ ಕಾಯ್ದೆಯ ರಕ್ಷಣೆ ಇದ್ದಿತಾದರೂ, ದೇಶದೊಳಗಿನ ಯಾನಕ್ಕೆ ಅದು ಆಗ ಅನ್ವಯವಾಗುತ್ತಿರಲಿಲ್ಲ. ವಾರ್ಸಾ ಒಪ್ಪಂದವು ವಾಹಕ ಕಂಪನಿಯ ತಪ್ಪನ್ನು ಮೊದಲೇ ಭಾವಿಸಿಕೊಂಡು, ಪ್ರತಿಯಾಗಿ ಪರಿಹಾರಕ್ಕೆ 1,25,000 ಚಿನ್ನದ ಫ್ರಾಂಕುಗಳ ಮಿತಿ ಹಾಕಿತ್ತು. ಆ ಮಿತಿಯನ್ನು ಇನ್ನಷ್ಟು ತಗ್ಗಿಸುವ ಕರಾರನ್ನು ಅದು ಅಸಿಂಧುಗೊಳಿಸಿತ್ತು.

ಅಕ್ಷರದ ಗಾತ್ರವೇ ವಿವಾದವಾದದ್ದೂ ಉಂಟು. ಅಮೆರಿಕದ ಯಾನಗಳಿಗೆ ಸಂಬಂಧಿಸಿದ 1966ರ ಒಡಂಬಡಿಕೆಯಂತೆ ಹೊಣೆಮಿತಿಯ ಸೂಚನೆ ಹತ್ತು ಪಾಯಿಂಟ್ ಅಕ್ಷರದಲ್ಲಿರಬೇಕಿತ್ತು. 1983ರಲ್ಲಿ ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿದ ಕೊರಿಯನ್ ಏರ್‌ಲೈನ್ಸ್ ವಿಮಾನದ ಟಿಕೆಟ್ಟುಗಳಲ್ಲಿ ಅದು ಎಂಟು ಪಾಯಿಂಟಿನಲ್ಲಿತ್ತು; ಆದರೂ ಆ ಕಾರಣಕ್ಕೆ ಮಿತಿ ರದ್ದಾಗದೆಂದು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ ಹೇಳಿತು. ಎರಡು ವರ್ಷಗಳ ಬಳಿಕ ಅದೇ ಕೋರ್ಟು, ಮೆಕ್ಸಿಕೋ ಕರಾವಳಿಯಾಚೆ ಕಾರ್ನಿವಲ್ ಕಂಪನಿಯ ವಿಹಾರ ನೌಕೆಯಲ್ಲಿ ಜಾರಿ ಬಿದ್ದ ವಾಷಿಂಗ್ಟನ್ ರಾಜ್ಯದ ಪ್ರಯಾಣಿಕರೊಬ್ಬರು ದೂರದ ಫ್ಲಾರಿಡಾದಲ್ಲೇ ದಾವೆ ಹೂಡಬೇಕೆಂಬ ಟಿಕೆಟ್ಟಿನ ಷರತ್ತನ್ನು ಮಾನ್ಯ ಮಾಡಿತು.

ಭಾರತದಲ್ಲಿ ಇದೇ ಬಗೆಯ ಪ್ರಶ್ನೆ 2011ರ ಇಂಟರ್‌ಗ್ಲೋಬ್ ಏವಿಯೇಷನ್ ಪ್ರಕರಣದಲ್ಲಿ ಎದ್ದಿತು. ಷರತ್ತುಗಳನ್ನು ವೆಬ್‌ಸೈಟಿನಲ್ಲಿಟ್ಟು ಇ-ಟಿಕೆಟ್ಟಿನಲ್ಲಿ ಅವನ್ನು ಉಲ್ಲೇಖಿಸಿ, ಪ್ರತಿಗಳನ್ನು ನಿಲ್ದಾಣದ ಕೌಂಟರಿನಲ್ಲಿ ಒದಗಿಸಿದರೆ ಅಷ್ಟೇ ಸಾಕಷ್ಟು ಸೂಚನೆಯೆಂದು ಸುಪ್ರೀಂ ಕೋರ್ಟು ಒಪ್ಪಿತು. ಆದರೆ ವ್ಯಾಜ್ಯಗಳು ದೆಹಲಿಯಲ್ಲೇ ನಡೆಯಬೇಕೆಂಬ ಷರತ್ತು ಹೈದರಾಬಾದಿನ ಖಾಯಂ ಲೋಕ ಅದಾಲತ್ತಿನ ಅಧಿಕಾರವನ್ನು ಕಸಿಯಲಾರದೆಂದೂ ಹೇಳಿತು.

ಈ ನಡುವೆ, ದೇವನಹಳ್ಳಿಯ ನಿಲ್ದಾಣ ಆರಂಭವಾದ ಮರುವರ್ಷ, 1999ರ ಮಾಂಟ್ರಿಯಲ್ ಒಪ್ಪಂದವು ಭಾರತಕ್ಕೆ ಅನ್ವಯವಾಯಿತು. ಸಾವು ಅಥವಾ ಗಾಯಕ್ಕೆ ನಿಗದಿತ ಮೊತ್ತದವರೆಗೆ, ಮೊದಲಿಗೆ 1,00,000 ಎಸ್‌ಡಿಆರ್‌ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮೂಲಮಾನ), ತಪ್ಪಿಲ್ಲವೆಂಬ ವಾದಕ್ಕೆ ಅವಕಾಶವಿಲ್ಲ. ಅದಕ್ಕೂ ಮೇಲಿನ ಮೊತ್ತಕ್ಕೆ ತನ್ನ ನಿರ್ಲಕ್ಷ್ಯವಿಲ್ಲವೆಂದು ಕಂಪನಿಯೇ ಸಾಬೀತುಪಡಿಸಬೇಕು. 2010ರ ಮೇ 22ರಂದು 158 ಮಂದಿಯನ್ನು ಬಲಿ ತೆಗೆದುಕೊಂಡ ಮಂಗಳೂರಿನ ವಿಮಾನ ದುರಂತದಲ್ಲಿ ಈ ನಿಯಮಗಳೇ ಚರ್ಚೆಗೆ ಬಂದವು. ಮೃತರೊಬ್ಬರ ಕುಟುಂಬಕ್ಕೆ ಸುಮಾರು 7.64 ಕೋಟಿ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟು 2020ರಲ್ಲಿ ನಿಗದಿಪಡಿಸಿತು.

ಹೊಣೆಯಿಂದ ನುಣುಚಿಕೊಳ್ಳುವ ಕರಾರಿಗೆ ವಿದೇಶಯಾನದಲ್ಲಿ ಈಗ ಜಾಗವಿಲ್ಲ. ಆದರೆ ಅದೇ ಮಾಂಟ್ರಿಯಲ್ ಒಪ್ಪಂದವು ಬ್ಯಾಗೇಜು ಹಾನಿಯ ದೂರಿಗೆ ಏಳು ದಿನಗಳ, ದಾವೆಗೆ ಎರಡು ವರ್ಷಗಳ ಗಡುವನ್ನು ವಿಧಿಸಿರುವುದರಿಂದ, ದೇವನಹಳ್ಳಿಯಲ್ಲಿ ಬಂದಿಳಿಯುವ ಪ್ರಯಾಣಿಕರು ಹಕ್ಕು ಕಳೆದುಕೊಳ್ಳುವ ಸಂಭವ ಇಂದು ಹೆಚ್ಚಾಗಿ ಇರುವುದು ಕಂಪನಿಯ ಷರತ್ತಿಗಿಂತ ಈ ಗಡುವುಗಳ ಅರಿವಿಲ್ಲದಿರುವುದರಲ್ಲಿ.