ನೋಯದ ಹಲ್ಲಿನ ಕಥೆ



ನೇಸರಗಿಯಲ್ಲಿ ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲು ಬಿದ್ದ ಹಾಗೆಯೇ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣುವುದೇ ಹಿರಿಯರ ಪಾಡಾಗಿತ್ತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯಕೀಯ ಕಾಲೇಜು ಆರಂಭವಾದದ್ದು 1985ರಲ್ಲಿ. ಇಂದು ನನ್ನ ಕೆಳದವಡೆಯಲ್ಲಿಯೂ ಟೈಟಾನಿಯಂ ತಿರುಪಿನ ಮೇಲೆ ನಿಂತ ಹಲ್ಲೊಂದಿದೆ.

ಈ ತಿರುಪಿನ ಚರಿತ್ರೆ ಸ್ವೀಡನ್ ದೇಶದ್ದು. 1952ರಲ್ಲಿ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲೆಲುಬಿನಲ್ಲಿ ಟೈಟಾನಿಯಂ ಉಪಕರಣವನ್ನಿಟ್ಟು ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಕೊನೆಗೆ ಅದನ್ನು ತೆಗೆಯಹೋದರೆ ಬರಲೇ ಇಲ್ಲ. ಎಲುಬು ಲೋಹವನ್ನು ಬಿಗಿದಪ್ಪಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರಿಗೆ ಇಂತಹ ತಿರುಪುಗಳನ್ನು ಕೂರಿಸಲಾಯಿತು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಅವು ಬಾಳಿದವು.

ಎಲುಬು ಲೋಹವನ್ನು ಒಪ್ಪುವುದೇ ಎಂಬುದು ಮೊದಲಿನ ಪ್ರಶ್ನೆ. ಒಪ್ಪಿದ ಎಲುಬು ಮುಂದೆ ಉಳಿಯುವುದೇ ಎಂಬ ಪ್ರಶ್ನೆ ನಂತರ ದೊಡ್ಡದಾಯಿತು. ಲೋಹಕ್ಕೆ ಹುಳುಕು ಹಿಡಿಯದು, ನಿಜ. ಆದರೆ ಅದರ ಮೇಲೂ ಪಾಚಿಯಂತೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಒಸಡು ಉರಿಯೂತಗೊಂಡು ಬ್ರಷ್ ತಾಗಿದರೆ ರಕ್ತ ಬರುತ್ತದೆ. ಇಷ್ಟರಲ್ಲೇ ಎಚ್ಚೆತ್ತರೆ ವಾಸಿಯಾಗುತ್ತದೆ. ಅಲಕ್ಷಿಸಿದರೆ ಸುತ್ತಲಿನ ಎಲುಬು ಕರಗತೊಡಗುತ್ತದೆ. ಇದೇ ಪೆರಿ-ಇಂಪ್ಲಾಂಟೈಟಿಸ್. 2017ರ ಜಾಗತಿಕ ತಜ್ಞರ ಸಭೆ ಈ ಎರಡು ಹಂತಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿತು.

ನಾನು ಎಚ್ಚೆತ್ತದ್ದು ಎರಡನೆಯ ಹಂತದಲ್ಲಿ. ತಿಂಗಳುಗಟ್ಟಲೆ ರಕ್ತ ಕಂಡರೂ "ನೋವಿಲ್ಲವಲ್ಲ" ಎಂದು ಸುಮ್ಮನಿದ್ದೆ. ಎಕ್ಸ್-ರೇ ನೋಡಿದಾಗ ತಿರುಪಿನ ಮೇಲಿನ ಸುರುಳಿಗಳು ಎಲುಬಿನಿಂದ ಹೊರಗಿದ್ದವು. ನೋವಿನಿಂದಲೇ ರೋಗವನ್ನು ಅಳೆಯುವ ನಮ್ಮ ರೂಢಿ ಇಲ್ಲಿ ಮೋಸಮಾಡುತ್ತದೆ.

ಮೊದಲು ವೈದ್ಯರು ಒಸಡಿನೊಳಗಿನ ತಿರುಪನ್ನು ಶುಚಿಗೊಳಿಸಿದರು. ಕೆಲವು ವಾರಗಳ ನಂತರ ಪರೀಕ್ಷಿಸಿ, ಉರಿಯೂತ ಉಳಿದಿದ್ದರಿಂದ ಒಸಡನ್ನು ಬಿಡಿಸಿ ಮತ್ತೆ ಶುಚಿಮಾಡಿ ಹೊಲಿದರು. 2023ರ ಯುರೋಪಿನ ಮಾರ್ಗಸೂಚಿಯೂ ಈ ಕ್ರಮವನ್ನೇ ಹೇಳುತ್ತದೆ. ಶುಚಿಗೊಳಿಸುವಾಗಲೆಲ್ಲ ಆಂಟಿಬಯೋಟಿಕ್ ಗುಳಿಗೆ ನುಂಗಿಸುವುದನ್ನು ಅದು ಒಪ್ಪುವುದಿಲ್ಲ. ರಕ್ತ ನಿಂತಿದೆ, ಹಲ್ಲು ಉಳಿದಿದೆ. ಆದರೆ ಕರಗಿದ ಎಲುಬು ಪೂರ್ತಿ ಮರಳಿ ಬಂದಿಲ್ಲ.

ನಿಮ್ಮಲ್ಲಿಯೂ ಅನೇಕರು ಇಂಪ್ಲಾಂಟ್ ಹಾಕಿಸಿಕೊಂಡಿರಬಹುದು. ನಿತ್ಯ ಅದರ ಬುಡವನ್ನು ತೊಳೆಯಿರಿ, ತಂಬಾಕು ಬಿಡಿರಿ, ಮಧುಮೇಹವನ್ನು ಹತೋಟಿಯಲ್ಲಿಡಿರಿ, ನೋವಿರಲಿ ಇಲ್ಲದಿರಲಿ ವೈದ್ಯರು ಹೇಳಿದ ಅವಧಿಗೆ ತೋರಿಸಿರಿ. ತರಗತಿಯಲ್ಲಿ ಗದ್ದಲ ಮಾಡುವ ಹುಡುಗನಿಗಿಂತ ಮೌನವಾಗಿ ಹಿಂದುಳಿಯುವವನ ಮೇಲೆಯೇ ಹೆಚ್ಚು ಕಣ್ಣಿಡಬೇಕೆಂದು ನಾನು ಬಲ್ಲೆ. ನನ್ನ ಬಾಯಿಯ ವಿಷಯದಲ್ಲಿ ಮಾತ್ರ ಅದನ್ನು ಮರೆತಿದ್ದೆ.