ಐನ್‌ಮನೆ

ಕೊಡಗಿನ ಒಂದು ಒಕ್ಕದ ಮೂಲಮನೆಗೆ ಐನ್‌ಮನೆ ಎಂದು ಹೆಸರು. ಒಬ್ಬ ಮೂಲಪುರುಷನಿಂದ ಬೆಳೆದು ಒಂದೇ ಮನೆಹೆಸರು ಹೊತ್ತವರೆಲ್ಲ ಸೇರಿ ಒಂದು ಒಕ್ಕ. ಕೊಡವರಲ್ಲಷ್ಟೇ ಅಲ್ಲ, ಅರೆಭಾಷೆ ಗೌಡರು, ಅಮ್ಮ ಕೊಡವರು, ಹೆಗ್ಗಡೆಯರು ಮುಂತಾದವರಲ್ಲೂ ಐನ್‌ಮನೆಗಳಿವೆ. ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಕೆತ್ತನೆಯ ಕಂಬ, ಬಾಗಿಲವಾಡಗಳ ಕಡೆಗೆ. ಆದರೆ ಗುಡ್ಡದ ನಾಡಿನಲ್ಲಿ ಮನೆ ಕಟ್ಟಲು ಹೊರಟವರಿಗೆ ಕೆತ್ತನೆಗಿಂತ ಹೆಚ್ಚು ಕಲಿಸುವುದು ಆ ಮನೆ ಕೂತ ಜಾಗ.

ಪಶ್ಚಿಮ ಘಟ್ಟದ ಈ ಜಿಲ್ಲೆಯಲ್ಲಿ ಸಮತಟ್ಟು ನೆಲವೆಂದರೆ ಬಹುಮಟ್ಟಿಗೆ ಗದ್ದೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಇಂಥ ಕಡೆ ಹಿಂದಿನವರು ಮನೆಗೆ ಆರಿಸಿಕೊಂಡದ್ದು ಕಾಡೂ ಗದ್ದೆಯೂ ಸೇರುವ ಅಂಚನ್ನು. ಗಾಳಿ ಬಡಿಯುವ ಗುಡ್ಡದ ನೆತ್ತಿ ಬೇಡ, ಕೆಸರು ನಿಲ್ಲುವ ಕಣಿವೆಯ ತಳವೂ ಬೇಡ. ಇಳಿಜಾರು ಸ್ವಲ್ಪ ಸಡಿಲಗೊಂಡು ತಾನಾಗಿ ತಟ್ಟಾದ ಜಾಗ ಸಿಕ್ಕರೆ ಅಲ್ಲಿ ಮನೆ. ಹೀಗೆ ಒಂದು ಹಿಡಿ ಗದ್ದೆಯೂ ಮನೆಯ ಅಡಿಗೆ ಹೋಗಲಿಲ್ಲ. ಪ್ರತಿ ಒಕ್ಕವೂ ತನ್ನ ಗದ್ದೆಯ ಮೇಲೆಯೇ ನೆಲೆನಿಂತದ್ದರಿಂದ ಕೊಡಗಿನ ಊರುಗಳು ಬಯಲುಸೀಮೆಯ ಹಳ್ಳಿಗಳಂತೆ ಒತ್ತಾಗಿ ಬೆಳೆಯಲಿಲ್ಲ.

ಹೆಚ್ಚಿನ ಐನ್‌ಮನೆಗಳು ಪೂರ್ವಕ್ಕೆ ಮುಖ ಮಾಡಿವೆ. ಇದಕ್ಕೆ ಸಂಪ್ರದಾಯದ ಕಾರಣ ಏನೇ ಇರಲಿ, ಮಳೆಗಾಲದಲ್ಲಿ ಅದರ ಬೆಲೆ ತಿಳಿಯುತ್ತದೆ. ಮುಂಗಾರಿನ ಗಾಳಿ ನುಗ್ಗುವುದು ನೈಋತ್ಯದಿಂದ, ಅದಕ್ಕೆ ಮನೆ ಬೆನ್ನು ಕೊಡುತ್ತದೆ. ಮುಂದಿನ ಜಗಲಿಗೆ ಎರಚಲು ಕಡಿಮೆ, ಮಳೆ ಬಿಟ್ಟ ಕೂಡಲೆ ಬೆಳಗಿನ ಬಿಸಿಲು ಅಂಗಳಕ್ಕೆ ಬೀಳುತ್ತದೆ. ಭತ್ತ ಬಡಿಯುವುದು, ಒಣಹಾಕುವುದು ಎಲ್ಲವೂ ನಡೆಯುತ್ತಿದ್ದ ಜಾಗ ಅದು. ಮನೆಗೆ ಹೋಗುವ ಓಣಿಯೂ ನೇರವಾಗಿ ಗುಡ್ಡ ಸೀಳಿಕೊಂಡು ಹತ್ತುವುದಿಲ್ಲ. ಎರಡೂ ಬದಿ ಮಣ್ಣಿನ ಏರಿ, ಮೇಲೆ ಮರಗಳ ನೆರಳು, ಬಳಸಿಕೊಂಡು ಸಾಗುವ ದಾರಿ. ಅಂಗಳ ತಲಪುವವರೆಗೆ ಮನೆ ಕಾಣದಂತೆ ಅದನ್ನು ತಿರುಗಿಸಿರುತ್ತಾರೆ. ಕಾವಲಿಗೆ ಇದು ಅನುಕೂಲ, ಏರು ಹತ್ತುವ ಎತ್ತಿಗೂ ಮನುಷ್ಯರಿಗೂ ಸುಲಭ.

ಮನೆ ನೆಲಮಟ್ಟದಿಂದ ಎತ್ತರಿಸಿದ ಕಟ್ಟೆಯ ಮೇಲೆ ನಿಲ್ಲುತ್ತದೆ. ಕಲ್ಲಿನ ಮೆಟ್ಟಿಲು ಹತ್ತಿದರೆ ಕೈಯಾಲೆ, ಅಂದರೆ ಕಂಬಸಾಲಿನ ಜಗಲಿ. ಅದರ ಕಂಬಗಳ ನಡುವೆ ಕೂರಿಸಿದ ಅಗಲವಾದ ಒಂದೇ ಹಲಗೆ ಐಮರ, ಮನೆಯ ಹಿರಿಯರು ಕೂರುವ ಪೀಠ. ಅಲ್ಲಿ ಕೂತರೆ ಅಂಗಳ, ಅದರಾಚೆಗೆ ಗದ್ದೆಬಯಲು, ನೀರು ಕಟ್ಟಿದೆಯೋ ಬದು ಒಡೆದಿದೆಯೋ ಎಲ್ಲ ಕಾಣುತ್ತದೆ. ಸೂರು ಹೊರಕ್ಕೆ ಚಾಚಿಕೊಂಡು ಇಳಿದಿರುವುದರಿಂದ ಮಳೆಯಲ್ಲೂ ಅಲ್ಲಿಂದ ಏಳಬೇಕಾಗಿಲ್ಲ. ಹೊರಗಿನ ದೃಶ್ಯವನ್ನು ಗಾಜಿನ ಗೋಡೆಯಿಂದ ನೋಡುವ ಇಂದಿನ ಬೆಟ್ಟದ ಮನೆಗಳಿಗಿಂತ ಈ ಹಲಗೆಯ ಮೇಲೆ ಕೂತವರಿಗೆ ಗುಡ್ಡ ಹೆಚ್ಚು ಹತ್ತಿರ ಎಂಬುದರಲ್ಲಿ ಸಂಶಯವಿಲ್ಲ.

ದೊಡ್ಡ ಐನ್‌ಮನೆಗಳಲ್ಲಿ ನಾಲ್ಕು ಅಂಕಣಗಳ ನಡುವೆ ತೆರೆದ ತೊಟ್ಟಿಯಿದೆ. ಒಳಮಾಡಿನ ನೀರೆಲ್ಲ ಅದಕ್ಕೆ ಬಿದ್ದು ಕಲ್ಲಿನ ಮೋರಿಯಿಂದ ಹೊರಹೋಗುತ್ತದೆ. ಕಿಟಕಿಗಳು ಚಿಕ್ಕವು, ಆದ್ದರಿಂದ ಬೆಳಕಿಗೂ ತೊಟ್ಟಿಯೇ ಗತಿ. ಒಳಗಿನ ಪಡಸಾಲೆ ನೆಲ್ಲಕ್ಕಿ ನಡುಬಾಡೆ. ಅಲ್ಲಿ ತೂಗುವ ದೀಪ, ನೈಋತ್ಯದ ಕನ್ನಿಕಂಬ ಪೂಜೆಗೆ ಸಲ್ಲುತ್ತವೆ. ಹಿರಿಯರ ಗುಡಿ ಕೈಮಡ ಮನೆಯ ಹೊರಗಡೆ, ದಾರಿಯ ಸಮೀಪದಲ್ಲೇ ಇರುವುದು ಸಾಮಾನ್ಯ. ಸುಗ್ಗಿಹಬ್ಬ ಪುತ್ತರಿಯಂದು ಗದ್ದೆಯಿಂದ ಕೊಯ್ದ ಕದಿರು ಮೆರವಣಿಗೆಯಲ್ಲಿ ನಡುಬಾಡೆಯ ದೀಪದ ಬಳಿಗೆ ಬರುತ್ತದೆ.

ಗೋಡೆ ಮಣ್ಣಿನದು, ಬಲು ದಪ್ಪ. ಅಡಿಪಾಯಕ್ಕೆ ಕಾಡುಕಲ್ಲು, ಕಂಬಕ್ಕೂ ಜಂತೆಗೂ ಹಲಸು, ತೇಗ, ಬೀಟೆ. ಮಾಡು ಮೊದಲು ಹುಲ್ಲಿನದಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು. ವರ್ಷವರ್ಷ ಹುಲ್ಲು ಹೊದಿಸುವ ಕೆಲಸ ತಪ್ಪಿತು, ಬೆಂಕಿಯ ಭಯವೂ ಇಳಿಯಿತು. ಆದರೂ ಮಾಡಿನ ಕಡಿದಾದ ಇಳಿಜಾರು ಹಾಗೆಯೇ ಉಳಿಯಿತು, ಏಕೆಂದರೆ ಮಳೆ ಬದಲಾಗಿರಲಿಲ್ಲ.

19ನೆಯ ಶತಮಾನದ ನಡುವಿನಿಂದ ಕಾಫಿ ಹಬ್ಬಿದಂತೆ ಒಕ್ಕದವರು ತಂತಮ್ಮ ತೋಟಗಳಲ್ಲಿ ಬೇರೆ ಮನೆ ಕಟ್ಟಿಕೊಂಡರು. ಈಗ ಅನೇಕ ಐನ್‌ಮನೆಗಳಲ್ಲಿ ಜನ ಸೇರುವುದು ಹಬ್ಬಕ್ಕೆ, ಹಿರಿಯರಿಗೆ ಎಡೆಯಿಡುವ ದಿನಕ್ಕೆ. ಬೊವ್ವೇರಿಯಂಡ ಚಿಣ್ಣಪ್ಪ ಮತ್ತು ನಂಜಮ್ಮ ದಂಪತಿ ಊರೂರು ಸುತ್ತಿ ಈ ಮನೆಗಳನ್ನು ದಾಖಲಿಸಿದ್ದು ದೊಡ್ಡ ಉಪಕಾರ. ಅಷ್ಟರಲ್ಲಿ ಹೊಸ ಮನೆಗಳ ರೀತಿಯೇ ಬೇರೆಯಾಗಿತ್ತು. ಬಯಲಿನ ನಕ್ಷೆಯನ್ನು ಗುಡ್ಡಕ್ಕೆ ತಂದು, ಅದಕ್ಕೆ ತಕ್ಕ ಚೌಕ ನಿವೇಶನ ಬೇಕೆಂದು ಜೆಸಿಬಿಯಿಂದ ಇಳಿಜಾರನ್ನು ಕಡಿಯಲಾಯಿತು. ಹಿಂದೆ ಬರೆ, ಅಂದರೆ ಕಡಿದು ನೆಟ್ಟಗೆ ನಿಂತ ಗುಡ್ಡದ ಮೈ, ಮುಂದೆ ಸುರಿದ ಸಡಿಲ ಮಣ್ಣು. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಇನ್ನರ್ಧ ಆ ಮಣ್ಣಿನ ಮೇಲೆ. ದೊಡ್ಡ ಮಳೆಯಲ್ಲಿ ಗುಡ್ಡದೊಳಗೆ ಜಲ ಎದ್ದಾಗ ಅದಕ್ಕೆ ಹೊರಬರಲು ದಾರಿ ಇರಬೇಕು, ಹೀಗೆ ಕಡಿದು ತುಂಬಿದ ಕಡೆ ಆ ದಾರಿ ಮುಚ್ಚಿಹೋಗುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು. ಅಸಾಧಾರಣ ಮಳೆಯ ಜೊತೆಗೆ ಇಳಿಜಾರುಗಳನ್ನು ಕಡಿದದ್ದೂ ಆಗ ಕಾರಣವಾಗಿ ಚರ್ಚೆಗೆ ಬಂತು. ಮಾಡಿನ ವಿಷಯದಲ್ಲೂ ಇದೇ ಕಥೆ. ಸೋರುವ ಆರ್‌ಸಿಸಿ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಇಳಿಮಾಡು ಹಾಕಿದ ಮನೆಗಳು ಇಂದು ಮಲೆನಾಡಿನುದ್ದಕ್ಕೂ ಕಾಣುತ್ತವೆ. ಮೊದಲೇ ಹೆಂಚಿನ ಮಾಡು ಮಾಡಿದ್ದರೆ ಒಂದೇ ಖರ್ಚಿನಲ್ಲಿ ಮುಗಿಯುತ್ತಿತ್ತು.

ಗುಡ್ಡದಲ್ಲಿ ಈಗ ಮನೆ ಕಟ್ಟುವವರು ಐನ್‌ಮನೆಯ ನಕಲು ಮಾಡಬೇಕಾಗಿಲ್ಲ. ಜಾಗ ಗೊತ್ತುಮಾಡುವ ಮುನ್ನ ಒಂದು ಮಳೆಗಾಲ ಅಲ್ಲಿ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಒಸರುತ್ತದೆ ಎಂದು ನೋಡಬೇಕು. ಗುಡ್ಡದ ನೀರು ಇಳಿಯುವ ಕೊಲ್ಲಿಯ ದಾರಿಗೆ ಮನೆ ಅಡ್ಡ ಬರಬಾರದು. ನೆಲವನ್ನು ಒಂದೇ ಮಟ್ಟಕ್ಕೆ ತರುವ ಬದಲು ಕೋಣೆಗಳನ್ನೇ ಎರಡು ಮೂರು ಮಟ್ಟಕ್ಕೆ ಹಂಚಿ, ಮನೆಯ ಉದ್ದವನ್ನು ಗುಡ್ಡಕ್ಕೆ ಅಡ್ಡಲಾಗಿ ಇಟ್ಟರೆ ಅಗೆತ ಬಹಳ ಕಡಿಮೆಯಾಗುತ್ತದೆ. ಬರೆಗೂ ಹಿಂಗೋಡೆಗೂ ನಡುವೆ ಧಾರಾಳವಾಗಿ ಜಾಗ ಬಿಟ್ಟು ಚರಂಡಿ ತೋಡುವುದು, ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳನ್ನು ಬಿಡುವುದು, ಮೇಲಿನ ಮರಗಳನ್ನು ಉಳಿಸುವುದು ಕಡ್ಡಾಯ. ಹಳೆಯ ಐನ್‌ಮನೆ ದುರಸ್ತಿ ಮಾಡಿಸುವವರು ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಸದಿರುವುದು ಒಳ್ಳೆಯದು. ಬಳಿಸಿದರೆ ತೇವ ಹೊರಬರಲಾಗದೆ ಒಳಗೇ ಕೂತು ಗೋಡೆಯನ್ನು ಮೆತ್ತಗೆ ಮಾಡುತ್ತದೆ, ಕೆಲವೇ ಮಳೆಗಾಲದಲ್ಲಿ ಗಾರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಒಣಗಲು ಬಿಡುತ್ತದೆ.